ಕಾರ್ಜೈನ್ ಲೆಕ್ಕಕ್ಕೆ ಎಲ್ಲವನ್ನೂ ಬರೆಯಬೇಡಿ

ಎಡಿಸನ್, ನ್ಯೂಜೆರ್ಸಿ
ಅಕ್ಟೋಬರ್ 20, 2009

ಮಾನ್ಯ ಸಂಪಾದಕರೇ,

ನ್ಯೂಜೆರ್ಸಿಯ ಚುನಾವಣೆ ಕುರಿತು ನಿಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಜನರ ಕೆಲಸ ಹೋಗುತ್ತಿರುವಾಗ ಆಳುವವರಿಗೆ ಮತ ಬೀಳುವುದಿಲ್ಲ, ಆದ್ದರಿಂದ ಗವರ್ನರ್ ಜಾನ್ ಕಾರ್ಜೈನ್ ನವೆಂಬರ್ 3ರಂದು ಸೋಲುತ್ತಾರೆ, ಸೋಲಬೇಕಾದ್ದೇ ಎಂಬುದು ಅದರ ತಿರುಳು. ಸೋತರೂ ಸೋತಾರು. ಬೇಸಿಗೆಯಿಡೀ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದವರು ಈಗಷ್ಟೇ ಎದುರಾಳಿ ಕ್ರಿಸ್ ಕ್ರಿಸ್ಟಿಯವರ ಸಮಕ್ಕೆ ಬಂದಿದ್ದಾರೆ. ನನ್ನ ತಕರಾರು ಇರುವುದು ‘ಸೋಲಬೇಕಾದ್ದೇ’ ಎಂಬ ಮಾತಿಗೆ, ಅದಕ್ಕೆ ಲೇಖಕರು ಕೊಟ್ಟ ಕಾರಣಗಳಿಗೆ.

ಮೊದಲಿಗೆ ಒಂದು ತಿದ್ದುಪಡಿ. ಲೇಖನದಲ್ಲಿ ಕಾರ್ಜೈನ್ ಅವರನ್ನು ‘ರಾಜ್ಯಪಾಲ’ ಎಂದು ಕರೆಯಲಾಗಿದೆ. ಬೆಂಗಳೂರಿನ ಓದುಗರಿಗೆ ಅದರಿಂದ ರಾಜಭವನ ನೆನಪಾಗುತ್ತದೆ. ಇಲ್ಲಿನ ಗವರ್ನರ್ ನೇರವಾಗಿ ಜನರಿಂದ ಆರಿಸಿ ಬರುವವರು, ನಮ್ಮ ಮುಖ್ಯಮಂತ್ರಿಯಂತೆ, ಒಂದು ತೂಕ ಹೆಚ್ಚೇ. ಬಜೆಟ್‌ನ ಒಂದೊಂದು ಸಾಲನ್ನೂ ಹೊಡೆದುಹಾಕುವ ಅಧಿಕಾರ ಅವರಿಗಿದೆ. ಇಷ್ಟು ವರ್ಷ ಇಡೀ ರಾಜ್ಯದ ಮತದಿಂದ ಆರಿಸಿ ಬರುವ ರಾಜ್ಯ ಸರ್ಕಾರದ ಹುದ್ದೆ ಅದೊಂದೇ ಆಗಿತ್ತು. ಲೆಫ್ಟಿನೆಂಟ್ ಗವರ್ನರ್ ಎಂಬ ಹುದ್ದೆಗೆ ಮತ ಹಾಕುತ್ತಿರುವುದು ಇದೇ ಮೊದಲ ಬಾರಿ. ಏನೇ ಕೆಟ್ಟರೂ ಬೈಯಲು ಜನರಿಗೆ ಗುರುತಿರುವುದು ಒಂದೇ ಮುಖ. ಇದನ್ನು ಮೊದಲು ಹೇಳಿದ್ದರೆ ಲೇಖನದ ಉಳಿದರ್ಧ ಬೇರೆ ರೀತಿ ಬರುತ್ತಿತ್ತೇನೋ.

ನಿರುದ್ಯೋಗ ಶೇ 10ರ ಹತ್ತಿರ ಬಂದಿದೆ, ನಿಜ. ಇಡೀ ದೇಶದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದಾಗ ನಮ್ಮ ಬೀದಿಯಲ್ಲೇ ಇಬ್ಬರ ಕೆಲಸ ಹೋಯಿತು. ಮಾರ್ಚ್‌ನಲ್ಲಿ ನನ್ನ ಕಂಪನಿಯೂ ನನ್ನನ್ನು ಮನೆಗೆ ಕಳಿಸಿತು. ಐದು ತಿಂಗಳು ಮನೆ ಸಾಲದ ಕಂತು ಕಟ್ಟಲು ಉಳಿತಾಯಕ್ಕೆ ಕೈಹಾಕಿದೆ. ಸಿಟ್ಟು ನನಗೂ ಇದೆ. ಆದರೆ ಆ ಕೆಲಸವನ್ನು ರಾಜ್ಯದ ರಾಜಧಾನಿ ಟ್ರೆಂಟನ್‌ನಲ್ಲಿ ಕುಳಿತವರು ಕಿತ್ತುಕೊಂಡರು ಎಂದು ನಾನು ಹೇಳಲಾರೆ.

ರಾಜ್ಯಗಳ ಕೈ ಎಷ್ಟು ಕಟ್ಟಿಹೋಗಿದೆ ಎಂಬುದನ್ನು ಲೇಖಕರು ಗಮನಿಸಿಯೇ ಇಲ್ಲ. ವಾಷಿಂಗ್ಟನ್ ಸಾಲ ಮಾಡಿ ಖರ್ಚು ಮಾಡಬಹುದು. ನ್ಯೂಜೆರ್ಸಿ ತನ್ನ ವರ್ಷದ ಖರ್ಚಿಗೆ ಹಾಗೆ ಮಾಡುವಂತಿಲ್ಲ. ಬಂದಷ್ಟರಲ್ಲೇ ಬಜೆಟ್ ಮುಗಿಸಬೇಕೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಇಲ್ಲಿನ ಆದಾಯ ತೆರಿಗೆಯ ದೊಡ್ಡ ಪಾಲು ಬರುವುದು ಮೇಲ್ತುದಿಯ ಕೆಲವೇ ಮನೆಗಳಿಂದ, ಅವರಲ್ಲಿ ಎಷ್ಟೋ ಜನ ಹಡ್ಸನ್ ನದಿ ದಾಟಿ ವಾಲ್ ಸ್ಟ್ರೀಟ್‌ಗೆ ಹೋಗುವವರು. ಅವರ ಬೋನಸ್ ಬತ್ತಿದರೆ ಖಜಾನೆಯೂ ಬತ್ತುತ್ತದೆ. ಆ ಆದಾಯ ತೆರಿಗೆಯನ್ನು ಆಸ್ತಿ ತೆರಿಗೆಯ ಹೊರೆ ಇಳಿಸಲಿಕ್ಕೇ ಬಳಸಬೇಕೆಂಬ ನಿಯಮ ಬೇರೆ ಇದೆ. ಹಾಗಾಗಿ ಅಲ್ಲಿ ಬ್ಯಾಂಕ್ ಮುಳುಗಿದರೆ ಇಲ್ಲಿ ಎಡಿಸನ್‌ನ ಗುಮಾಸ್ತನ ಮನೆಗೆ ಬರುತ್ತಿದ್ದ ಆಸ್ತಿ ತೆರಿಗೆ ರಿಬೇಟ್ ಚೆಕ್ ನಿಲ್ಲುತ್ತದೆ. ಸುಮಾರು 33 ಬಿಲಿಯನ್ ಡಾಲರ್ ಇದ್ದ ಬಜೆಟ್ ಈ ವರ್ಷ ಸುಮಾರು 29ಕ್ಕೆ ಇಳಿದಿದೆ. ಅದೂ ಒಬಾಮ ಸರ್ಕಾರದ ನೆರವು ಬಂದ ಮೇಲೆ.

ಆಸ್ತಿ ತೆರಿಗೆಯ ಮಾತಿಗೆ ಬರುತ್ತೇನೆ, ಏಕೆಂದರೆ ಇಲ್ಲಿನ ಕೋಪದ ಬೇರು ಅದೇ. ಒಂದು ಮನೆಗೆ ಸರಾಸರಿ ವರ್ಷಕ್ಕೆ 7,000 ಡಾಲರ್ ದಾಟಿದೆ. ದೇಶದ ಬೇರಾವ ರಾಜ್ಯದಲ್ಲೂ ಇಷ್ಟು ಹೆಚ್ಚಿಲ್ಲ. ಊರಲ್ಲಿ ಕಂದಾಯದ ರಸೀದಿ ನೋಡಿ ಬೆಳೆದ ನಮ್ಮಂಥವರಿಗೆ ಮೊದಲ ಬಿಲ್ ಬಂದಾಗ ಎದೆ ಧಸಕ್ಕೆಂದಿತ್ತು. ಆದರೆ ಈ ದರ ನಿಗದಿ ಮಾಡುವವರು ಯಾರು? ಊರಿನ ಕೌನ್ಸಿಲ್, ಕೌಂಟಿ, ಶಾಲಾ ಮಂಡಳಿ. ಅರ್ಧದಷ್ಟು ಹಣ ಶಾಲೆಗಳಿಗೆ ಹೋಗುತ್ತದೆ. ಕರ್ನಾಟಕದ ಸುಮಾರು ಹತ್ತನೇ ಒಂದು ಭಾಗದಷ್ಟು ವಿಸ್ತೀರ್ಣವಿರುವ ಈ ರಾಜ್ಯದಲ್ಲಿ 566 ಪುರಾಡಳಿತಗಳಿವೆ, ಬಹುತೇಕ ಪ್ರತಿಯೊಂದಕ್ಕೂ ತನ್ನದೇ ಪೊಲೀಸ್, ತನ್ನದೇ ಶಾಲಾ ಮಂಡಳಿ, ತನ್ನದೇ ಕಸದ ಗಾಡಿ. ಇವನ್ನು ಕೂಡಿಸೋಣ ಎಂದರೆ ನಮ್ಮ ಶಾಲೆ ನಮಗಿರಲಿ ಎಂದು ಕೂಗುವವರಲ್ಲಿ ನಾವೂ ಇದ್ದೇವೆ. ಒಳ್ಳೆ ಶಾಲೆಯಿದೆಯೆಂದೇ ನಾನೂ ಎಡಿಸನ್‌ನಲ್ಲಿ ಮನೆ ಕೊಂಡವನು.

ಈಗ ಕಾರ್ಜೈನ್ ಅವರ ಟೋಲ್ ಏರಿಕೆ ಯೋಜನೆ. ಲೇಖಕರು ಅದನ್ನು ಒಂದೇ ಸಾಲಿನಲ್ಲಿ ‘ಮೂರ್ಖತನ’ ಎಂದು ಮುಗಿಸಿದ್ದಾರೆ. ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ. 2008ರ ಜನವರಿಯಲ್ಲಿ, ಹಿಂಜರಿತದ ಬಿಸಿ ಇನ್ನೂ ಯಾರಿಗೂ ತಟ್ಟದಿದ್ದಾಗ, ಕಾರ್ಜೈನ್ ಜನರ ಮುಂದೆ ನಿಂತು ರಾಜ್ಯದ ಮೇಲೆ ಸುಮಾರು 32 ಬಿಲಿಯನ್ ಡಾಲರ್ ಸಾಲವಿದೆ ಎಂದರು. ಟರ್ನ್‌ಪೈಕ್, ಪಾರ್ಕ್‌ವೇ ಹೆದ್ದಾರಿಗಳ ಟೋಲ್‌ಗಳನ್ನು 2010, 2014, 2018 ಮತ್ತು 2022ರಲ್ಲಿ ಪ್ರತಿಸಲ ಶೇ 50ರಷ್ಟು ಏರಿಸಿ, ಆ ವರಮಾನದ ಮೇಲೆ ಬಾಂಡ್ ಎತ್ತಿ, ಅರ್ಧ ಸಾಲವನ್ನಾದರೂ ತೀರಿಸೋಣ ಎಂದರು. ಕೌಂಟಿಯಿಂದ ಕೌಂಟಿಗೆ ಹೋಗಿ ಸಭೆ ನಡೆಸಿ ಬೈಸಿಕೊಂಡರು. ಅಂಥದ್ದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ದಿನಾ ಟರ್ನ್‌ಪೈಕ್ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ ನಾನೂ ವಿರೋಧವಾಗಿಯೇ ಕೈ ಎತ್ತಿದೆ. ಯೋಜನೆ ಬಿತ್ತು. ಏರಿಕೆ ವಿಪರೀತವಾಗಿತ್ತು ಎಂದು ಇಂದೂ ಅನ್ನಿಸುತ್ತದೆ. ಆದರೆ ಸಾಲ ಎಷ್ಟು, ತೀರಿಸುವುದು ಹೇಗೆ, ಯಾರ ಜೇಬಿನಿಂದ ಎಂದು ಅಂಕಿ ಹಿಡಿದು ಹೇಳಿದವರು ಅವರೊಬ್ಬರೇ. ಆ ಸಾಲದ ಬಹುಪಾಲು ಅವರು ತಂದದ್ದೂ ಅಲ್ಲ. 1997ರಲ್ಲಿ ರಿಪಬ್ಲಿಕನ್ ಗವರ್ನರ್ ಕ್ರಿಸ್ಟಿನ್ ವಿಟ್‌ಮನ್ ಸರ್ಕಾರ ಸುಮಾರು 2.8 ಬಿಲಿಯನ್ ಡಾಲರ್ ಸಾಲ ತಂದು ಪಿಂಚಣಿ ನಿಧಿಗೆ ಸುರಿದು, ವರ್ಷ ವರ್ಷ ಕಟ್ಟಬೇಕಾದ ಕಂತನ್ನು ತಪ್ಪಿಸಿಕೊಂಡಿತು. ಆಮೇಲೆ ಬಂದ, ಕಾರ್ಜೈನ್ ಅವರದೇ ಪಕ್ಷದ ಡೆಮಾಕ್ರಟರೂ ಅದೇ ದಾರಿ ಹಿಡಿದರು.

ಕಾರ್ಜೈನ್ ತಪ್ಪುಗಳನ್ನು ಮುಚ್ಚಿಡಲು ಹೊರಟಿಲ್ಲ. 2005ರಲ್ಲಿ ರಿಬೇಟನ್ನು ನಾಲ್ಕು ವರ್ಷಗಳಲ್ಲಿ ಶೇ 40ರಷ್ಟು ಹೆಚ್ಚಿಸುವೆನೆಂದು ಮಾತು ಕೊಟ್ಟಿದ್ದರು. ಈ ವರ್ಷ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಅದು ಬರುವುದೇ ಇಲ್ಲ. ಮೊದಲ ವರ್ಷಗಳಲ್ಲಿ ಹಿಂದಿನವರಿಗಿಂತ ಹೆಚ್ಚು ಪಿಂಚಣಿ ಕಂತು ಕಟ್ಟಿದವರು ಈಗ ತಾವೂ ಅದನ್ನು ತೀರಾ ಇಳಿಸಿದ್ದಾರೆ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ ನಡೆಸಿ ಗಳಿಸಿದ ಸ್ವಂತ ಹಣ ಸುರಿದು ಟಿವಿ ತುಂಬ ಜಾಹೀರಾತು ಹಾಕುತ್ತಿದ್ದಾರೆ, ಅದರಲ್ಲೊಂದು ಎದುರಾಳಿಯ ದಪ್ಪ ಮೈಯನ್ನು ಹಂಗಿಸುವಂಥದ್ದು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಮನೆ ಉಳಿಸಿಕೊಳ್ಳಲು ಒದ್ದಾಡುತ್ತಿರುವ ಜನರ ಮುಂದೆ ಆಡುವ ಮಾತಲ್ಲ ಅದು.

ಆದರೆ ಅವರು ಮಾಡಿದ್ದೂ ಇದೆ, ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಈ ಜುಲೈಯಿಂದ ಇಲ್ಲಿ ಮನೆಯವರ ಆರೈಕೆಗೆ ಆರು ವಾರ ಸಂಬಳ ಸಹಿತ ರಜೆ ಸಿಗುತ್ತಿದೆ. ಸಂಬಳದ ಮೂರನೇ ಎರಡರಷ್ಟು, ಒಂದು ಮಿತಿಯೊಳಗೆ. ನನ್ನತ್ತೆ ನಮ್ಮ ಜೊತೆಗೇ ಇದ್ದಾರೆ. ಆಗಸ್ಟ್‌ನಲ್ಲಿ ಅವರು ಹಾಸಿಗೆ ಹಿಡಿದಾಗ ನನ್ನ ಹೆಂಡತಿ ಈ ರಜೆ ಹಾಕಿಯೇ ತಾಯಿಯನ್ನು ನೋಡಿಕೊಂಡಳು. ನನಗೆ ಕೆಲಸವಿಲ್ಲದ ದಿನಗಳವು, ಅವಳ ಸಂಬಳವೂ ನಿಂತಿದ್ದರೆ ಕಂತು ತಪ್ಪುತ್ತಿತ್ತು. ಹಡ್ಸನ್ ನದಿಯಡಿ ಹೊಸ ರೈಲು ಸುರಂಗದ ಕೆಲಸಕ್ಕೂ ಜೂನ್‌ನಲ್ಲಿ ಚಾಲನೆ ಸಿಕ್ಕಿದೆ. 1910ರ ಎರಡು ಹಳಿಗಳನ್ನೇ ನಂಬಿ ದಿನಾ ಮ್ಯಾನ್‌ಹಾಟನ್‌ಗೆ ಹೋಗುವ ಸಾವಿರಾರು ಜನರಲ್ಲಿ ನಮ್ಮವರೂ ಎಷ್ಟೋ ಮಂದಿ.

ಕಷ್ಟಕಾಲದ ಕೋಪಕ್ಕೆ ಗವರ್ನರ್ ಸೋಲುವುದು ಈ ರಾಜ್ಯದಲ್ಲಿ ಹಿಂದೆಯೂ ಆಗಿದೆ. 1990ರಲ್ಲಿ ಹಿಂಜರಿತದ ನಡುವೆ ಗವರ್ನರ್ ಜಿಮ್ ಫ್ಲೋರಿಯೊ 2.8 ಬಿಲಿಯನ್ ಡಾಲರ್ ತೆರಿಗೆ ಏರಿಸಿದರು, ಟಾಯ್ಲೆಟ್ ಪೇಪರಿಗೂ ಬಿಡಲಿಲ್ಲ. 1993ರಲ್ಲಿ ಸ್ವಲ್ಪದರಲ್ಲೇ ಸೋತರು. ಆದಾಯ ತೆರಿಗೆಯನ್ನು ಶೇ 30ರಷ್ಟು ಇಳಿಸುತ್ತೇನೆಂದು ಗೆದ್ದು ಬಂದವರೇ ಮೇಲೆ ಹೇಳಿದ ವಿಟ್‌ಮನ್. ಮಾತಿನಂತೆ ಇಳಿಸಿದರು. ಆ ಇಳಿಕೆಯ ಸಾಲವನ್ನು ನಾವಿನ್ನೂ ಕಟ್ಟುತ್ತಿದ್ದೇವೆ.

ಕ್ರಿಸ್ಟಿ ಲಂಚಕೋರರನ್ನು ಜೈಲಿಗೆ ಕಳಿಸಿದ ಪ್ರಾಸಿಕ್ಯೂಟರ್, ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ತೆರಿಗೆ ಇಳಿಸುತ್ತೇನೆ ಎನ್ನುವವರು ಯಾವ ಖರ್ಚು ನಿಲ್ಲಿಸುತ್ತೇನೆಂದು ಬಿಡಿಸಿ ಹೇಳುತ್ತಿಲ್ಲ. ಸ್ವತಂತ್ರ ಅಭ್ಯರ್ಥಿ ಕ್ರಿಸ್ ಡ್ಯಾಗೆಟ್ ಅದಕ್ಕಿಂತ ನೇರ: ಸೇವೆಗಳಿಗೂ ಮಾರಾಟ ತೆರಿಗೆ ಹಾಕಿ ಆಸ್ತಿ ತೆರಿಗೆ ಇಳಿಸುವ ಲೆಕ್ಕವನ್ನಾದರೂ ಮುಂದಿಟ್ಟಿದ್ದಾರೆ. ನಾನು ಕೋಪ ಇಟ್ಟುಕೊಂಡೇ ಕಾರ್ಜೈನ್‌ಗೆ ಮತ ಹಾಕುವವನು. ನನ್ನ ಪಕ್ಕದ ಮನೆಯವರು, ಹಾಸನದವರು, ಕ್ರಿಸ್ಟಿಗೆ ಹಾಕುತ್ತಾರಂತೆ. ಅದರಲ್ಲಿ ನನ್ನ ಆಕ್ಷೇಪವೇನಿಲ್ಲ.

ಚುನಾವಣೆಗೆ ಮುನ್ನ ಈ ಬಗ್ಗೆ ಇನ್ನೊಂದು ಲೇಖನ ಹಾಕುವುದಾದರೆ ಒಂದು ಕೋರಿಕೆ. ಯಾರು ಗೆಲ್ಲುತ್ತಾರೆ ಎಂಬುದನ್ನು ಬಿಟ್ಟು, ಗೆದ್ದವರು ಮುಂದಿನ ಜೂನ್ 30ರೊಳಗೆ ಬಜೆಟ್ ಸರಿದೂಗಿಸಲು ಶಾಲೆ, ಪಿಂಚಣಿ, ರಿಬೇಟ್, ರೈಲು ಇವುಗಳಲ್ಲಿ ಯಾವುದಕ್ಕೆ ಕತ್ತರಿ ಹಾಕುತ್ತಾರೆ ಎಂದು ಮೂವರು ಅಭ್ಯರ್ಥಿಗಳನ್ನೂ ಕೇಳಿ ಬರೆಸಿ.

ಇಂತಿ ತಮ್ಮ ವಿಶ್ವಾಸಿ,
ಎಡಿಸನ್‌ನ ಒಬ್ಬ ಓದುಗ