ಮುಹೂರ್ತಕ್ಕೆ ಮುನ್ನ ಮೂವತ್ತು ದಿನ: ಪ್ರವಾಸಿ ವೀಸಾ ಮತ್ತು ವಿವಾಹ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ವಿದೇಶೀ ಸೊಸೆಯೋ ಅಳಿಯನೋ ಬರುವುದು ಈಗ ಬೆರಗಿನ ಸಂಗತಿಯಾಗಿ ಉಳಿದಿಲ್ಲ. ಓದಿಗೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋದ ಮಕ್ಕಳು ಅಲ್ಲಿಯೇ ಸಂಗಾತಿಯನ್ನು ಕಂಡುಕೊಳ್ಳುತ್ತಾರೆ. ಹಿರಿಯರು ಮೊದಮೊದಲು ಮುನಿದರೂ ಕೊನೆಗೆ ಒಪ್ಪುತ್ತಾರೆ. ಒಪ್ಪಿಗೆ ದೊರೆತೊಡನೆ ಪಂಚಾಂಗ ನೋಡುವುದು, ಊರಿನಲ್ಲಿ ಸಭಾಗೃಹ ಗೊತ್ತುಮಾಡುವುದು, ಆಮಂತ್ರಣ ಪತ್ರಿಕೆ ಅಚ್ಚುಹಾಕಿಸುವುದು ಎಲ್ಲವೂ ನಡೆಯುತ್ತದೆ. ವಧು ಪ್ರವಾಸಿ ವೀಸಾದಲ್ಲಿ ಬಂದಿಳಿಯುತ್ತಾಳೆ. ಈ ಸಂಭ್ರಮದ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ವಿವಾಹ ನಡೆಯುತ್ತಿರುವುದು ಯಾವ ಕಾನೂನಿನ ಅಡಿಯಲ್ಲಿ?

ಬ್ಯಾಂಕಿನ ಕೌಂಟರಿನ ಹಿಂದೆ ಬಹುಕಾಲ ಕುಳಿತ ನಮಗೆ ಈ ಪ್ರಶ್ನೆಯ ತೂಕ ಅರಿವಾದದ್ದು ಒಂದು ಮಧ್ಯಾಹ್ನ. ಪರಿಚಿತ ತಾಯಿಯೊಬ್ಬರು ಹೊಸ ಸೊಸೆಯನ್ನು ಕರೆತಂದು, ಮಗನೊಡನೆ ಆಕೆಯ ಹೆಸರಿನಲ್ಲಿಯೂ ಖಾತೆಯಾಗಬೇಕೆಂದರು. ಆಧಾರವಾಗಿ ತಂದದ್ದು ಆಮಂತ್ರಣ ಪತ್ರಿಕೆ ಮತ್ತು ಮದುವೆಯ ಆಲ್ಬಂ. ವಿವಾಹದ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದಾಗ, "ಐನೂರು ಜನರ ಎದುರು ಧಾರೆ ಎರೆದಿದ್ದೇವಲ್ಲ!" ಎಂದು ಅಚ್ಚರಿಪಟ್ಟರು. ಆಕೆಯ ವೀಸಾ ಮುಗಿಯಲು ಆಗ ಮೂರು ವಾರವೂ ಉಳಿದಿರಲಿಲ್ಲ.

ಆ ತಾಯಿಯ ಅಚ್ಚರಿ ಸಹಜವೇ. ಆದರೆ 1955ರ ಹಿಂದೂ ವಿವಾಹ ಕಾಯಿದೆ ಅನ್ವಯಿಸುವುದು ವಧೂವರರಿಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಕಾಯಿದೆಯ ಅರ್ಥದಲ್ಲಿ ಬೌದ್ಧರು, ಜೈನರು, ಸಿಖ್ಖರೂ ಇದರಲ್ಲಿ ಸೇರುತ್ತಾರೆ. ಹಿಂದೂ ಮತ್ತು ಕ್ರೈಸ್ತರ ನಡುವೆ ದೇವಾಲಯದಲ್ಲಿ ನಡೆದ ಮದುವೆಯೊಂದು ಈ ಕಾಯಿದೆಯಡಿ ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪು ನೀಡಿತು. ಅಂದಮೇಲೆ ಸಪ್ತಪದಿ ಎಷ್ಟೇ ವಿಧಿವತ್ತಾಗಿ ನಡೆದರೂ, ಅನ್ಯಮತದ ವಿದೇಶೀ ವಧು ಕಾನೂನಿನ ದೃಷ್ಟಿಯಲ್ಲಿ ಮನೆಗೆ ಬಂದ ಪ್ರವಾಸಿಯಾಗಿಯೇ ಉಳಿಯುತ್ತಾಳೆ.

ಇಂಥವರಿಗೆ ಇರುವ ರಾಜಮಾರ್ಗ 1954ರ ವಿಶೇಷ ವಿವಾಹ ಕಾಯಿದೆ. ಅಲ್ಲಿ ಮತದ ಅಡ್ಡಿಯಿಲ್ಲ, ಪೌರತ್ವದ ಅಡ್ಡಿಯೂ ಇಲ್ಲ, ಕಾಲದ ನಿಯಮವಿದೆ. ವಧೂವರರಲ್ಲಿ ಒಬ್ಬರಾದರೂ ಒಂದು ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು, ಅಲ್ಲಿಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ನೋಟೀಸು ಪ್ರಕಟವಾಗಿ 30 ದಿನ ಕಳೆದ ಮೇಲೆ, ಆಕ್ಷೇಪಣೆ ಇಲ್ಲದಿದ್ದರೆ, ಮೂವರು ಸಾಕ್ಷಿಗಳ ಎದುರು ವಿವಾಹ ನಡೆಯುತ್ತದೆ. ನೋಟೀಸು ಕೊಟ್ಟ ಮೂರು ತಿಂಗಳೊಳಗೆ ವಿವಾಹ ನಡೆಯದಿದ್ದರೆ ಅದು ವ್ಯರ್ಥ.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಇ-ಪ್ರವಾಸಿ ವೀಸಾಗಳಲ್ಲಿ ಒಂದು ಬಗೆಯದು 30 ದಿನಗಳದ್ದೇ. ಅದನ್ನು ನಂಬಿ ಬಂದವಳಿಗೆ ನೋಟೀಸಿನ ಅವಧಿ ಮುಗಿಯುವಷ್ಟರಲ್ಲಿ ವಾಸದ ಅವಧಿಯೂ ಮುಗಿದಿರುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. "ನಮ್ಮ ಹುಡುಗ ಮುಂಬಯಿಯವನೇ, ವಾಸದ ಪ್ರಶ್ನೆ ಎಲ್ಲಿಂದ ಬಂತು?" ಎನ್ನುವವರುಂಟು. ಹುಡುಗ ಜರ್ಮನಿಯಿಂದಲೋ ಅಮೆರಿಕದಿಂದಲೋ ರಜೆಯಲ್ಲಿ ಬಂದವನು. ಪಡಿತರ ಚೀಟಿಯಲ್ಲಿ ಹೆಸರಿದ್ದರೂ ಕಾಯಿದೆ ಕೇಳುವುದು ನೋಟೀಸಿನ ಹಿಂದಿನ 30 ದಿನಗಳ ವಾಸವನ್ನು. ಆಗ ಮೂವತ್ತಕ್ಕೆ ಮೂವತ್ತು ಸೇರಿ ಅರವತ್ತಾಗುತ್ತದೆ. ಮೊದಲು ಮಂಟಪದಲ್ಲಿ ಮದುವೆಯಾಗಿ ಆಮೇಲೆ ಇದೇ ಕಾಯಿದೆಯಡಿ ನೋಂದಾಯಿಸಲು ಹೊರಟರೂ, ಆ ಜಿಲ್ಲೆಯಲ್ಲಿ ಇಬ್ಬರೂ 30 ದಿನ ವಾಸವಿದ್ದಿರಬೇಕು. ನೋಟೀಸಿನ ಅವಧಿ ಅಲ್ಲಿಯೂ ತಪ್ಪುವುದಿಲ್ಲ. ಊರಿನ ಸಭಾಗೃಹ ಉಡುಪಿಯಲ್ಲಿದ್ದು ವಾಸ ಮುಂಬಯಿಯಲ್ಲಿದ್ದರೆ, ನೋಟೀಸು ಸಲ್ಲಬೇಕಾದದ್ದು ಮುಂಬಯಿಯಲ್ಲಿ.

ವಿವಾಹ ಕಾನೂನುಬದ್ಧವಾದ ಮೇಲೆ ವೀಸಾದ ಮಾತು. ಪ್ರವಾಸಿ ವೀಸಾವನ್ನು ಸಾಮಾನ್ಯವಾಗಿ ಬೇರೆ ವೀಸಾ ಆಗಿ ಬದಲಿಸಿಕೊಡುವುದಿಲ್ಲ. ಭಾರತೀಯ ಪೌರರೊಡನೆ ವಿವಾಹವಾದವರಿಗೆ ವಿನಾಯಿತಿಯಿದೆ. ಎಫ್‌ಆರ್‌ಆರ್‌ಒ ಎಂದು ಕರೆಯುವ ವಿದೇಶೀಯರ ನೋಂದಣಿ ಕಚೇರಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಿ ಪತಿ ಅಥವಾ ಪತ್ನಿಯ ನೆಲೆಯಲ್ಲಿ ಪ್ರವೇಶ ವೀಸಾ ಪಡೆಯಬಹುದು. ಅಲ್ಲಿ ಮೊದಲು ಕೇಳುವುದೇ ವಿವಾಹದ ಪ್ರಮಾಣಪತ್ರ. ನೋಂದಣಿಯಾದ ವಿವಾಹ ಎರಡು ವರ್ಷ ಮುಂದುವರಿದ ಮೇಲೆ, ಸುರಕ್ಷತಾ ಪರಿಶೀಲನೆಗೊಳಪಟ್ಟು, ಸಾಗರೋತ್ತರ ಭಾರತೀಯ ಪೌರ, ಅಂದರೆ ಒಸಿಐ, ಕಾರ್ಡಿಗೆ ಅರ್ಜಿ ಹಾಕಬಹುದು. ಪೌರತ್ವ ಬೇಕಿದ್ದರೆ ಏಳು ವರ್ಷಗಳ ವಾಸ ಬೇಕು. ಪ್ರಮಾಣಪತ್ರವೇ ಇಲ್ಲದಿದ್ದರೆ ಈ ಯಾವ ಲೆಕ್ಕವೂ ಆರಂಭವಾಗುವುದಿಲ್ಲ.

"ಒಂದೆರಡು ವಾರ ಹೆಚ್ಚಾದರೆ ಏನು ಮಹಾ?" ಎಂಬ ಉದಾಸೀನವೂ ಸಲ್ಲದು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆ, 1946ರ ವಿದೇಶೀಯರ ಕಾಯಿದೆಯೂ ಸೇರಿದಂತೆ ನಾಲ್ಕು ಹಳೆಯ ಕಾನೂನುಗಳ ಸ್ಥಾನದಲ್ಲಿ ನಿಂತಿದೆ. ಅವಧಿ ಮೀರಿ ಉಳಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ.

ಹಿರಿಯರು ತಿಳಿದಿರಬೇಕಾದ ಮತ್ತೊಂದು ಸಂಗತಿ ಆಸ್ತಿಯದು. ಅವಿಭಕ್ತ ಹಿಂದೂ ಕುಟುಂಬದ ಸದಸ್ಯನು ಅನ್ಯಮತೀಯಳನ್ನು ವಿಶೇಷ ವಿವಾಹ ಕಾಯಿದೆಯಡಿ ವರಿಸಿದರೆ, ಅವನು ಆ ಕುಟುಂಬದಿಂದ ಬೇರ್ಪಟ್ಟಂತೆ ಕಾನೂನು ಭಾವಿಸುತ್ತದೆ. ಅವನ ಹಕ್ಕು ಅಳಿಯುವುದಿಲ್ಲ, ಪಾಲು ಬೇರೆಯಾಗುತ್ತದೆ. ಅವನ ಆಸ್ತಿಯ ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯವಾಗುತ್ತದೆ. ಇದನ್ನು ಮದುವೆಗೆ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳುವುದು ಲೇಸು.

ಮೂವತ್ತು ದಿನಗಳ ಬಹಿರಂಗ ನೋಟೀಸು ವಯಸ್ಕರ ಖಾಸಗಿತನದ ಮೇಲಿನ ಆಕ್ರಮಣವೆಂಬ ವಾದವುಂಟು. ವಧೂವರರು ಬಯಸದಿದ್ದರೆ ನೋಟೀಸನ್ನು ಪ್ರಕಟಿಸಬೇಕಾಗಿಲ್ಲವೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ 2021ರ ಜನವರಿಯಲ್ಲಿ ಹೇಳಿತು. ಆದರೆ ಕಾಯಿದೆಯ ಪಠ್ಯ ಹಾಗೆಯೇ ಇದೆ. ಎರಡೂ ಮನೆಯವರು ಒಪ್ಪಿದ ಮದುವೆಗೂ ಇದೇ ಕಾಯುವಿಕೆ ಅಗತ್ಯವೇ ಎಂಬುದನ್ನು ಶಾಸನಕರ್ತರು ಮರುಚಿಂತಿಸಬೇಕೆಂಬುದು ನಮ್ಮ ಅಭಿಮತ. ಅಲ್ಲಿಯವರೆಗೆ ಇರುವ ನಿಯಮಕ್ಕೆ ತಕ್ಕಂತೆ ನಮ್ಮ ಸಿದ್ಧತೆ ಇರಬೇಕು. ಕಾಯುವುದನ್ನು ತಪ್ಪಿಸಲೆಂದೇ ಮತಾಂತರ ಮಾಡಿಸಿಬಿಡೋಣ ಎಂಬ ಸಲಹೆಯೂ ಕೇಳಿಬರುತ್ತದೆ. ನಂಬಿಕೆ ಬದಲಿಸುವುದು ಆಕೆಯ ಅಂತಃಕರಣಕ್ಕೆ ಬಿಟ್ಟ ವಿಷಯ. ವೀಸಾದ ದಿನಾಂಕ ಅದನ್ನು ನಿರ್ಧರಿಸಬಾರದು.

ಹಾಗಾದರೆ ಮಾಡಬೇಕಾದುದೇನು? ಮಕ್ಕಳು ತಾವಿರುವ ದೇಶದಲ್ಲಿಯೇ ಅಲ್ಲಿಯ ಕಾನೂನಿನಂತೆ, ಅಥವಾ 1969ರ ವಿದೇಶಿ ವಿವಾಹ ಕಾಯಿದೆಯಡಿ ಭಾರತೀಯ ದೂತಾವಾಸದಲ್ಲಿ ವಿವಾಹವಾಗಿ ಪ್ರಮಾಣಪತ್ರದೊಡನೆ ಬಂದರೆ ಎಲ್ಲವೂ ಸುಗಮ. ವಧು ಆಗ ಪ್ರವಾಸಿಯಾಗಿ ಬರಬೇಕಿಲ್ಲ, ಪತ್ನಿಯಾಗಿ ಪ್ರವೇಶ ವೀಸಾ ಕೇಳಬಹುದು. ಇಲ್ಲಿಯೇ ಆಗಬೇಕೆಂದಿದ್ದರೆ, ಕನಿಷ್ಠ ಮೂರು ತಿಂಗಳ ವಾಸಕ್ಕೆ ಅವಕಾಶವಿರುವ ವೀಸಾ ಇರಲಿ. ಆಕೆ ಅವಿವಾಹಿತೆ ಎಂಬ ಪತ್ರವನ್ನು ಅವಳ ದೇಶದಿಂದಲೇ ತರಿಸಿರಿ. ವಿವಾಹಾಧಿಕಾರಿಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿರಿ. ಆಮೇಲೆ ಪಂಚಾಂಗ ತೆರೆಯಿರಿ.

ಅಂದು ಬಂದಿದ್ದ ಸೊಸೆ ವೀಸಾ ಮುಗಿಯುವ ಮುನ್ನವೇ ಮರಳಿದಳು. ಮುಂದಿನ ಬಾರಿ ಹೆಚ್ಚು ಅವಧಿಯ ವೀಸಾದೊಡನೆ ಬಂದು, ನೋಟೀಸಿನ ದಿನಗಳನ್ನು ಅತ್ತೆಯ ಮನೆಯಲ್ಲಿಯೇ ಕಳೆದು, ಸಾಕ್ಷಿಗಳ ಎದುರು ಸಹಿ ಹಾಕಿದಳು. ಪ್ರಮಾಣಪತ್ರದ ಪ್ರತಿಯನ್ನು ನಮಗೆ ತಂದು ತೋರಿಸಿದವರು ಆ ತಾಯಿಯೇ. ತನ್ನವರನ್ನೆಲ್ಲ ಬಿಟ್ಟು, ನಮ್ಮನ್ನು ನಂಬಿ ಬರುವ ಹೆಣ್ಣುಮಗಳಿಗೆ ಮಾಂಗಲ್ಯದೊಡನೆ ಆ ಒಂದು ಹಾಳೆಯನ್ನೂ ಕೊಡುವುದು ನಮ್ಮ ಹೊಣೆ.