ಪಟ್ಟ ಚಿಟ್ಟೆಗೆ, ಕತ್ತಿ ಬಳ್ಳಿಗೆ

ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆ. ಸಹ್ಯಾದ್ರಿಯ ಮಳೆಕಾಡಿನಲ್ಲಿ, ಕಾಡಂಚಿನ ತೋಟಗಳಲ್ಲಿ ಹಕ್ಕಿಯಂತೆ ತೇಲುವ ಈ ಚಿಟ್ಟೆಯನ್ನು ಮಲೆನಾಡಿನ ನಮ್ಮಲ್ಲಿ ಅನೇಕರು ಬಲ್ಲೆವು. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಬಂಗಾರದ ಹಳದಿ. ಬಾಲವಿಲ್ಲದಿದ್ದರೂ ಇದು ಕವಲುಬಾಲದ ಚಿಟ್ಟೆಗಳ ಕುಟುಂಬಕ್ಕೇ ಸೇರಿದ್ದು. 1932ರಲ್ಲಿ ದಾಖಲಾದ ಒಂದು ಮಾದರಿಯ ರೆಕ್ಕೆಯ ಹರವು 190 ಮಿ.ಮೀ. ಇತ್ತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಒಂದು 194 ಮಿ.ಮೀ. ಎಂದು ವರದಿಯಾಗುವವರೆಗೆ ದೇಶದ ಅತಿದೊಡ್ಡ ಚಿಟ್ಟೆಯೆಂಬ ದಾಖಲೆ ನಮ್ಮದೇ ಆಗಿತ್ತು.

ಚಿಟ್ಟೆಗೆ ಪಟ್ಟ ಕಟ್ಟಿದ್ದಾಯಿತು. ಅದರ ಮರಿಗೆ ಉಣ್ಣಲು ಏನು ಉಳಿಸಿದ್ದೇವೆ? ಇದರ ಕಂಬಳಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳ ಎಲೆಯನ್ನು ಮಾತ್ರ. ಎಲೆಯಲ್ಲಿರುವ ವಿಷ ಹುಳುವಿನ ಮೈಯಲ್ಲಿ ಸಂಗ್ರಹವಾಗಿ, ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಅದನ್ನು ಕಾಯುತ್ತದೆ. ಅನ್ನವೂ ಅದೇ, ಆಯುಧವೂ ಅದೇ.

ಈ ಬಳ್ಳಿಯ ಋಣ ಮಲೆನಾಡಿಗೆ ಮುಗಿಯುವುದಿಲ್ಲ. ಉತ್ತರ ಬೆಂಗಳೂರಿಗೆ ಹೋಗಿ ನೋಡಿ. ಹೆಬ್ಬಾಳ, ಯಲಹಂಕಗಳ ಮನೆಯಂಗಳದ ಕರಿಬೇವು, ನಿಂಬೆ ಗಿಡಗಳಲ್ಲಿ ಕಾಮನ್ ಮಾರ್ಮನ್ ಎಂಬ ಚಿಟ್ಟೆ ಮೊಟ್ಟೆಯಿಡುತ್ತದೆ. ಅದು ಬರ್ಡ್‌ವಿಂಗ್‌ನ ಕುಟುಂಬದ್ದೇ ಆದರೂ ಅದರಲ್ಲಿ ಆ ವಿಷವಿಲ್ಲ. ಆದ್ದರಿಂದ ಅದರ ಕೆಲವು ಹೆಣ್ಣುಗಳು, ಈಶ್ವರಿ ಬಳ್ಳಿಯನ್ನುಂಡು ಬೆಳೆದ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಚಿಟ್ಟೆಗಳ ವೇಷ ತೊಡುತ್ತವೆ. ಈ ವೇಷವನ್ನು ನಿರ್ಧರಿಸುವುದು ಒಂದೇ ಜೀನ್ ಎಂಬುದನ್ನು ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಸಲಿಯನ್ನು ತಿಂದು ಕಹಿಯುಂಡ ಹಕ್ಕಿ ಇರುವವರೆಗೆ ಮಾತ್ರ ನಕಲಿಗೆ ರಕ್ಷಣೆ. ಬಳ್ಳಿ ಹೋದರೆ ಅಸಲಿಯೂ ಹೋಗುತ್ತದೆ. ಆಮೇಲೆ ವೇಷಕ್ಕೆ ಬೆಲೆಯಿಲ್ಲ. ತನ್ನನ್ನು ಮುಟ್ಟದ ಚಿಟ್ಟೆಗೂ ಈ ಬಳ್ಳಿ ಕಾವಲು ನಿಂತಿದೆ.

ಅಂಥ ಬಳ್ಳಿಗೆ ನಾವು ಮಾಡುತ್ತಿರುವುದೇನು? ನಗರದಲ್ಲಿ ಬೇಲಿಯ ಜಾಗದಲ್ಲಿ ಕಾಂಪೌಂಡು ಎದ್ದಿದೆ. ನಮ್ಮೂರುಗಳಲ್ಲಿ ಜೀವಂತ ಬೇಲಿ ಹೋಗಿ ತಂತಿ ಬಂದಿದೆ. ತೋಟದ ಅಂಚಿಗೆ ಕಳೆನಾಶಕ ಬಿದ್ದಿದೆ. ಹಾವಿನ ವಿಷಕ್ಕೆ ಮದ್ದೆಂದು ಬೇರುಸಹಿತ ಅಗೆಯುವವರೂ ಉಂಟು. ಹಾವು ಕಡಿದರೆ ಮದ್ದು ಆಸ್ಪತ್ರೆಯ ಪ್ರತಿವಿಷವೇ ಹೊರತು ಈ ಬೇರಲ್ಲ. ಈ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಬೇರು ಕಿತ್ತರೆ ಮನುಷ್ಯನೂ ಉಳಿಯುವುದಿಲ್ಲ, ಚಿಟ್ಟೆಯೂ ಉಳಿಯುವುದಿಲ್ಲ.

ಬರ್ಡ್‌ವಿಂಗ್ ಅಳಿವಿನಂಚಿನಲ್ಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ಸದ್ಯಕ್ಕೆ ಅದಕ್ಕೆ ಅಂಥ ಅಪಾಯವಿಲ್ಲ. ಬರ್ಡ್‌ವಿಂಗ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ‘ಸೈಟಿಸ್’ ಒಪ್ಪಂದದ ಕಡಿವಾಣವೂ ಇದೆ. ಆದರೆ ನಮ್ಮ ಬೇಲಿಯ ಬಳ್ಳಿಯನ್ನು ಕಾಯಲು ಯಾವ ಒಪ್ಪಂದವೂ ಬಾರದು. ಹೇರಳವಾಗಿರುವಾಗ ಉಳಿಸಲು ಕತ್ತಿಯನ್ನು ತುಸು ತಡೆದರೆ ಸಾಕು. ವಿರಳವಾದ ಮೇಲೆ ಯೋಜನೆ, ಅನುದಾನ, ಸಮಿತಿಗಳೆಲ್ಲ ಬೇಕು.

ಆದ್ದರಿಂದ ನಮ್ಮ ಕೋರಿಕೆ ದೊಡ್ಡದೇನಲ್ಲ. ಬೇಲಿ ಸವರುವ ಮುನ್ನ ಎಲೆಯಡಿ ನೋಡಿ, ಈಶ್ವರಿ ಬಳ್ಳಿಯನ್ನು ಬಿಟ್ಟು ಸವರಿ. ಅದರ ಕಾಯಿ ಒಣಗಿ ಬಿರಿದು ಪುಟ್ಟ ಬುಟ್ಟಿಯಂತೆ ತೂಗುವಾಗ ಬೀಜ ಆರಿಸಿ, ಶಾಲೆಯ ಬೇಲಿಗೆ ಬಿತ್ತಿ. ಹೆಬ್ಬಾಳದಲ್ಲಿ ಕೃಷಿ ಓದುತ್ತಿರುವ ನಮ್ಮೂರ ಮಕ್ಕಳು ರಜೆಗೆ ಬಂದಾಗ ಊರಿನ ಬಳ್ಳಿಗಳನ್ನು ಎಣಿಸಿ ಬರೆದಿಡಲಿ. ಅಲ್ಲಿ ಕಲಿತ ವಿದ್ಯೆ ಇಲ್ಲಿನ ಬೇಲಿಗೆ ತಲುಪಿದ ದಿನ ರಾಜ್ಯ ಚಿಟ್ಟೆಗೆ ಕಟ್ಟಿದ ಪಟ್ಟಕ್ಕೆ ಅರ್ಥ ಬರುತ್ತದೆ.