ಮನೆ ಮಾರಿದವರು, ಮನೆ ಮುಳುಗಿದವರು

ಕಷ್ಟವು ಎಲ್ಲರಿಗೂ ಬರುತ್ತದೆ. ಅದು ಬರುವ ದಾರಿ ಒಂದೇ ಅಲ್ಲ. ಅಂದಿನ ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಲೆಂದು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಬಡತನ ಬಂದಿತು, ಕಾಯಕ ನಿಲ್ಲಲಿಲ್ಲ. ಪ್ರೀತಿಸಿದ ಕಾರ್ಯಕ್ಕಾಗಿ ತಾವೇ ಆಯ್ದುಕೊಂಡ ಕಷ್ಟವಾದುದರಿಂದ ಅದನ್ನು ಹೊರುವ ಬಲವೂ ಅವರಲ್ಲಿಯೇ ಇದ್ದಿತು.

ಅವರು ಲಿಂಗೈಕ್ಯರಾದ 1964ರಲ್ಲಿಯೇ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಮುಂದೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಎಷ್ಟೋ ಮನೆ, ಹೊಲಗಳು ಮುಳುಗಿದವು. ಆ ಮನೆಗಳನ್ನು ಬಿಡುವ ಆಯ್ಕೆ ಅಲ್ಲಿದ್ದವರದಾಗಿರಲಿಲ್ಲ. ಅಂಥವರಿಗೆ ‘ನೀವು ತ್ಯಾಗಿಗಳು, ಸಮಾಧಾನ ತಾಳಿರಿ’ ಎಂದು ಬೋಧಿಸುವುದು ಸುಲಭ, ನ್ಯಾಯವಲ್ಲ. ತ್ಯಾಗವೆಂಬ ಮಾತು ಕೊಟ್ಟವನ ಬಾಯಲ್ಲಿ ಒಪ್ಪುತ್ತದೆ, ಪಡೆದವನ ಬಾಯಲ್ಲಿ ಅಲ್ಲ.

ಅದೇ ಕೃಷ್ಣೆಯ ನೀರು ಕಾಲುವೆಗಳ ಮೂಲಕ ಇಂಡಿ, ಸಿಂದಗಿ ಕಡೆಯ ಬರದ ನೆಲದತ್ತ ಹರಿದಿದೆ. ಆ ನೀರನ್ನುಂಡ ಮನೆತನಗಳಿಗೆ ಆಯ್ಕೆ ಇಂದಿಗೂ ಉಂಟು. ಪುನರ್ವಸತಿ ಕೇಂದ್ರದವರನ್ನು ‘ಮುಳುಗಡೆಯವರು’ ಎಂದು ದೂರವಿರಿಸದೆ, ಮುಳುಗಿದ ಊರಿನ ಹೆಸರು ಕೇಳಿ, ಅವರ ಮಾತನ್ನು ಕೊನೆಯವರೆಗೆ ಆಲಿಸೋಣ. ಅವರ ಮಕ್ಕಳ ಓದಿಗೆ ಕೈಲಾದಷ್ಟು ದಾಸೋಹ ಸಲ್ಲಿಸೋಣ. ಬೀಗತನಕ್ಕೂ ಹಿಂಜರಿಯದಿರೋಣ. ಹೋದ ಮನೆ ಮರಳಿ ಬಾರದು. ಆದರೂ ಒಬ್ಬಂಟಿಯಾಗಿ ಹೊತ್ತ ದುಃಖಕ್ಕೂ ಇನ್ನೊಬ್ಬರು ಹೆಗಲು ಕೊಟ್ಟ ದುಃಖಕ್ಕೂ ಬಹಳ ಅಂತರವುಂಟು.